ಕರೆದವರೆಲ್ಲ ಇಟ್ಟ ಹೆಸರು

ನಮ್ಮ ಕೇರಿಯಲ್ಲಿ ಮಕ್ಕಳಿಗೆ ಹೆಸರಿಡಲು ಯಾರೂ ಪಂಚಾಂಗ ನೋಡುತ್ತಿರಲಿಲ್ಲ. ಕಪ್ಪಗಿದ್ದವನು ಕರಿಯ, ಕೆಂಪಗಿದ್ದವಳು ಕೆಂಪಿ. ಹಿಂದಿನ ಕೂಸುಗಳು ಉಳಿಯದ ಮನೆಯಲ್ಲಿ ಹುಟ್ಟಿದ್ದನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪ ಅಂದರು, ಸಾವಿಗೂ ಹೇಸಿಗೆ ಬರಲಿ ಎಂದು. ಅವ್ವ ಕರೆದರೆ ಆ ಹೆಸರಿನಲ್ಲಿ ಮುದ್ದಿತ್ತು. ಊರೊಳಗಿನ ಜಗಲಿಯಿಂದ ಕರೆದರೆ ಬೈಗುಳದಂತಿತ್ತು. ಅಕ್ಷರ ಅವೇ, ದನಿ ಬೇರೆ.

ಮಗುವಿಗೆ ತಾನು ಯಾರೆಂದು ಮೊದಲು ಹೇಳುವುದು ಅಪ್ಪನ ಬೆನ್ನು. ಕೇರಿಯೊಳಗೆ ನಮ್ಮಪ್ಪಂದಿರು ನಡೆಯುವ ಠೀವಿಯೇ ಬೇರೆ. ತಮಟೆ ಕಾಯಿಸಿ ನಿಂತರೆ ನೆಲ ಅದುರಬೇಕು. ಕುಲದ ಪಂಚಾಯ್ತಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಅದೇ ಅಪ್ಪ ಊರ ಬೀದಿಗೆ ಕಾಲಿಟ್ಟರೆ ಎಕ್ಕಡ ಕೈಗೆ ಬರುತ್ತಿತ್ತು, ತಲೆವಸ್ತ್ರ ಕಂಕುಳಿಗೆ ಇಳಿಯುತ್ತಿತ್ತು. ನಮ್ಮ ವಯಸ್ಸಿನ ಪೋರನೊಬ್ಬ 'ಲೇ ಮಾದ, ನಮ್ಮಪ್ಪ ಕರೀತಾವ್ನೆ ಬಾರ್ಲಾ' ಅಂದರೆ 'ಬಂದೆ ಬುದ್ಧಿ' ಎಂದು ಓಡುತ್ತಿದ್ದರು. ಹಿಂದೆ ನಿಂತಿದ್ದ ನಮಗೆ ಯಾರೂ ಏನೂ ಹೇಳಿಕೊಡಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಗೆಳೆತನ ಇರಲಿಲ್ಲ ಅಂದರೆ ಸುಳ್ಳು. ದನ ಮೇಯಿಸುವ ಬಯಲಲ್ಲಿ ಊರ ಹುಡುಗರ ಜತೆ ಚಿನ್ನಿದಾಂಡು ಆಡುವಾಗ ಮೈಲಿಗೆ ಯಾರಿಗೂ ನೆನಪಾಗುತ್ತಿರಲಿಲ್ಲ. ಕದ್ದು ಕಿತ್ತ ಕಡ್ಲೆಗಿಡವನ್ನು ಒಂದೇ ಬೆಂಕಿಯಲ್ಲಿ ಸುಟ್ಟು ತಿಂದೆವು. ಬಾಯಾರಿ ಅವನ ಮನೆಗೆ ಹೋದರೆ ಮಾತ್ರ ಅವನು ಒಳಗೆ, ನಾವು ಅಂಗಳದಲ್ಲಿ. ಅವನವ್ವ ಮೇಲಿಂದ ಹುಯ್ದ ನೀರು ಬೊಗಸೆ ತುಂಬಿ, ಮೊಣಕೈಗಿಳಿದು ಚಡ್ಡಿ ಒದ್ದೆಯಾಗುತ್ತಿತ್ತು. 'ಇನ್ನೊಸಿ ಹುಯ್ಯಲಾ ಮಗ?' ಅಂತಲೂ ಕೇಳುತ್ತಿದ್ದಳು ಆ ತಾಯಿ. ಕರುಣೆಗೇನೂ ಬರವಿರಲಿಲ್ಲ, ಚೊಂಬು ಮಾತ್ರ ನಮ್ಮ ಕೈಗೆ ಬರಲಿಲ್ಲ. ಹೊಸ್ತಿಲೊಳಗೆ ನಿಂತು ನೋಡುತ್ತಿದ್ದನಲ್ಲ ಆ ಗೆಳೆಯ, ಅವನು ಯಾರೆಂಬುದನ್ನೂ ಅವನಿಗೆ ಆ ಚೊಂಬೇ ಹೇಳಿಕೊಟ್ಟಿತು. ನಮ್ಮ ಗಾಯವನ್ನು ಬರೆದವರಿದ್ದಾರೆ. ಅವನಿಗೆ ಅಲ್ಲಿ ಏನಾಯಿತೆಂದು ಅವನ ಕಡೆಯವರು ಬರೆದದ್ದು ಬಲು ಕಮ್ಮಿ.

ಸ್ಕೂಲಿನ ದಾಖಲೆಯಲ್ಲಿ ಮೇಷ್ಟ್ರು ಆದಿ ಕರ್ನಾಟಕ ಎಂದು ಬರೆದುಕೊಂಡರು. ನಾಡಿಗೇ ಮೊದಲಿಗರು ಎಂಬ ಅರ್ಥದ ಹೆಸರು. ಕೂರಿಸಿದ್ದು ಕೊನೆಯಲ್ಲಿ! ಸತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು, ನೀರು ಕೊಡುವ ಜವಾನ ಬರದ ದಿನ ಬಾಯಾರಿಯೇ ಇರುತ್ತಿದ್ದರು ಎಂದು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದಾಗ ಅಳು ಬರಲಿಲ್ಲ. ಈ ಮಹಾನುಭಾವ ನಮ್ಮ ಸ್ಕೂಲಲ್ಲೇ ಓದಿದ್ದಾರೆ ಅನ್ನಿಸಿತು.

ಕೇರಿ ನಮಗೆ ಬರೀ ಅವಮಾನ ಕೊಟ್ಟಿತೆಂದು ಬರೆದರೆ ಅಜ್ಜಿ ಮಣ್ಣಿನಿಂದ ಎದ್ದು ಬಂದು ಬೈದಾಳು. ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿ ಕತೆ ಹಾಡುವ ರಾತ್ರಿ ಅವಳ ತೊಡೆಯೇ ನಮ್ಮ ದಿಂಬು. ಧರೆಗೆ ದೊಡ್ಡವರು ಸತ್ತ ಕರು ಹೊತ್ತು ಕಲ್ಯಾಣದ ಬಾಗಿಲಿಗೆ ಬರುತ್ತಾರೆ. ನಾತಕ್ಕೆ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ತಡೆಯುತ್ತಾರೆ. 'ದ್ಯಾವ್ರುನ್ನೇ ಒಳೀಕ್ ಬುಡ್ನಿಲ್ಲ ಕನ್ರಪ್ಪ, ಇನ್ನ ನಮ್ಮುನ್ನ ಬುಟ್ಟಾರಾ?' ಎಂದು ಅಜ್ಜಿ ನಗುತ್ತಿದ್ದಳು. ಬಾಗಿಲಾಚೆ ನಿಂತವನೇ ದೊಡ್ಡವನಿರಬಹುದು ಎಂದು ನಮಗೆ ಹೇಳಿದ್ದು ಆ ನಗು.

ಆಮೇಲೆ ಹಾಸ್ಟೆಲ್ಲು. ತಿಗಣೆ, ನೀರುಸಾರು, ಹತ್ತಾರು ಕೇರಿಗಳ ಹುಡುಗರು. ಒಬ್ಬರನ್ನೊಬ್ಬರು 'ಬನ್ನಿ, ಕೂತ್ಕೊಳ್ಳಿ' ಎಂದು ಕರೆದುಕೊಂಡದ್ದು ಅಲ್ಲೇ ಮೊದಲು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದರು. ಅವರ ಮಂತ್ರಿಗಿರಿ ಹೋಯಿತು, ದಲಿತ ಹುಡುಗರ ಮೇಲೆ ಏಟು ಬಿತ್ತು. ಆ ಏಟಿನ ಬಿಸಿಯಲ್ಲೇ ಕರಿಯ, ತಿಪ್ಪ, ಮಾದ ಎಲ್ಲರೂ ದಲಿತ ಎಂಬ ಹೆಸರನ್ನು ತಾವೇ ಎತ್ತಿಕೊಂಡರು.

ಈಗ ನಮ್ಮ ಮೊಮ್ಮಕ್ಕಳು ಪೇಟೆಯಲ್ಲಿದ್ದಾರೆ. ಹೆಸರು ಕೇಳಿದರೆ ಜಾತಿ ತಿಳಿಯದು. ಅದಕ್ಕೇ ಮನೆ ಬಾಡಿಗೆಗೆ ಕೊಡುವವರು 'ನೀವು ಯಾವ ಪೈಕಿ?' ಎಂದು ಕೇಳುತ್ತಾರೆ. ನಮ್ಮಲ್ಲಿ ಕೆಲವರು ಬಾಬಾಸಾಹೇಬರ ಪಟವನ್ನು ಹಜಾರದಲ್ಲಿ ತೂಗುಹಾಕಿದ್ದಾರೆ, ಕೆಲವರು ಒಳಕೋಣೆಯಲ್ಲಿ. ಒಳಕೋಣೆಯವರನ್ನು ಸಭೆಯಲ್ಲಿ ಬೈಯುವುದು ಸುಲಭ. ಗಂಟುಮೂಟೆ ಕಟ್ಟಬೇಕಾಗುವುದು ಅವರು ತಾನೆ. ಆದರೆ ಮಗು ಎಲ್ಲವನ್ನೂ ನೋಡುತ್ತಿರುತ್ತದೆ. ಮೊನ್ನೆ ಅಂಥದೊಂದು ಮನೆಯಲ್ಲಿ ನಾವು ಕೂತು ಮಾತಾಡುತ್ತಿದ್ದಾಗ ಮೆಟ್ಟಿಲ ಮೇಲೆ ಓನರ ದನಿ ಕೇಳಿಸಿತು. ಆರು ವರ್ಷದ ಕೂಸು ಆಟ ಬಿಟ್ಟು ಎದ್ದು, ಯಾರೂ ಹೇಳದೆ, ಒಳಕೋಣೆಯ ಬಾಗಿಲು ಎಳೆದು ಬಂದು ಮತ್ತೆ ಆಟಕ್ಕೆ ಕೂತಿತು.