ಕೆಮ್ಮಣ್ಣಿನ ಮೇಲೊಂದು ಅಕ್ಷರ

ಕೆಮ್ಮಣ್ಣುಗುಂಡಿಯ ಮಣ್ಣು ಹೆಸರಿಗೆ ತಕ್ಕಂತೆ ಕೆಂಪು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಒದಗಿಸಿದ ಈ ಗಿರಿಧಾಮವು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡೂ ಆಗಿತ್ತು. 2002ರ ಮೇ ತಿಂಗಳಲ್ಲಿ ತರೀಕೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಅಮೆರಿಕದಿಂದ ಬಂದಿದ್ದ ಏಳು ವರ್ಷದ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದರು. ಎಷ್ಟೋ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ್ದ ಅವರಿಗೆ, ಮಗಳ ಮಗನಿಗೆ ಕನ್ನಡದ ಒಂದಕ್ಷರವೂ ಬಾರದೆಂಬುದು ಯಾರಲ್ಲಿಯೂ ಹೇಳಿಕೊಳ್ಳಲಾಗದ ಕೊರಗಾಗಿತ್ತು. ಮನೆಯ ಮಾತು ಬಾಲಕನಿಗೆ ಅರ್ಥವಾಗುತ್ತಿತ್ತು. ಬರವಣಿಗೆ ಮಾತ್ರ ಅಪರಿಚಿತ.

ಬೆಟ್ಟದ ಹೂದೋಟವಾಗಲಿ ಕಣಿವೆಯ ಮಂಜಾಗಲಿ ಅವನನ್ನು ಸೆಳೆಯಲಿಲ್ಲ. ಅವನ ಕಣ್ಣು ಕೈಯಲ್ಲಿದ್ದ ಪಿಕ್ಸ್‌ಟರ್ ಎಂಬ ಆಟಿಕೆಯಲ್ಲಿ ನೆಟ್ಟಿತ್ತು. ಫಿಷರ್-ಪ್ರೈಸ್ ಸಂಸ್ಥೆ 2000ದಲ್ಲಿ ಮಕ್ಕಳಿಗಾಗಿ ಹೊರತಂದ ಈ ಪುಟ್ಟ ಯಂತ್ರಕ್ಕೆ ಬಣ್ಣವಿಲ್ಲದ ಸ್ಪರ್ಶಪರದೆ, ಬಳಪದಂತಹ ಒಂದು ಕಡ್ಡಿ. ಕಡ್ಡಿಯಿಂದ ಒತ್ತಿದೆಡೆ ಚುಕ್ಕೆಗಳು ಮೂಡಿ ಗೆರೆಯಾಗುತ್ತಿದ್ದವು. ಕಾರ್ಟ್ರಿಜ್ ಬದಲಿಸಿದರೆ ಆಟವೂ ಬದಲು. ಇದಕ್ಕೂ ಮೊದಲೇ, 1997ರಲ್ಲಿ, ಟೈಗರ್ ಸಂಸ್ಥೆಯ 'ಗೇಮ್ ಡಾಟ್ ಕಾಮ್' ಎಂಬ ಕೈಯಾಟಿಕೆ ಸ್ಪರ್ಶಪರದೆಯೊಡನೆ ಬಂದು, ಜನಮನ್ನಣೆ ಪಡೆಯದೆ ಮರೆಯಾಗಿತ್ತು.

ಉಪಾಧ್ಯಾಯರು ಗದರಿಸಲಿಲ್ಲ. "ಇದು ಹೇಗಪ್ಪ ಬರೆಯುತ್ತೆ? ನನಗೂ ಒಂದಿಷ್ಟು ಹೇಳಿಕೊಡು" ಎಂದರು. ಅಜ್ಜನಿಗೆ ಗುರುವಾದ ಹೆಮ್ಮೆಯಿಂದ ಬಾಲಕ ಕಡ್ಡಿಯನ್ನು ಕೊಟ್ಟನು. ನಡುಗುವ ಕೈ ಪರದೆಯ ಮೇಲೆ ದೊಡ್ಡದೊಂದು 'ಅ' ಬರೆಯಿತು. ಬಾಲಕ ಅದರ ಮೇಲೆಯೇ ತಿದ್ದಿದನು; ಅಳಿಸಿ ಮತ್ತೆ ಬರೆದನು. ಹತ್ತಾರು ಬಾರಿ ಬರೆಯುವಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಬರಿದಾಯಿತು.

"ಹೋಯ್ತು ಅಜ್ಜ!" ಬಾಲಕನ ಕಣ್ಣು ತುಂಬಿತು.

"ಸ್ಲೇಟು ಹೋಯಿತು ಕಂದ. ಅಕ್ಷರ ಹೋಗಿದೆಯೇ, ನೋಡು."

ಬಾಲಕ ಕ್ಷಣಕಾಲ ಸುಮ್ಮನಿದ್ದು, ಕುಳಿತಲ್ಲಿಯೇ ಬಾಗಿ, ಅದೇ ಕಡ್ಡಿಯಿಂದ ಒದ್ದೆಯಾದ ಕೆಮ್ಮಣ್ಣಿನ ಮೇಲೆ 'ಅ' ಬರೆದನು. ಅದು ವಕ್ರವಾಗಿತ್ತು; ಆದರೆ ಅವನದಾಗಿತ್ತು. ಉಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡರು.

2004ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಸೇರಿ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಕಡ್ಡಿಯಿಂದ ಮುಟ್ಟಿ ಬಳಸುವ ಆ ಅಂಗೈಗಣಕ, ಓದುಬರಹ ಬಾರದವರಿಗೂ ನೆರವಾಗಲೆಂಬ ಆಶಯದ್ದು. ಅದೇ ವರ್ಷ ಬಂದ ನಿಂಟೆಂಡೊ ಡಿ.ಎಸ್. ಜಗತ್ತಿನ ಮಕ್ಕಳ ಕೈಸೇರಿತು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಪಿಕ್ಸ್‌ಟರ್ ಕೂಡ ಮರೆತುಹೋದ ಆಟಿಕೆಗಳ ಸಾಲಿಗೆ ಸೇರಿತು. ಮರಳು, ಸ್ಲೇಟು, ಗಾಜಿನ ಪರದೆ ಒಂದರ ಹಿಂದೊಂದು ಬಂದಿವೆ. ಮಗುವಿನ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತುಕೊಳ್ಳುವವರ ಅಗತ್ಯ ಮಾತ್ರ ಯಾವ ಕಾಲಕ್ಕೂ ತಪ್ಪಿಲ್ಲ.

ಆ ವರ್ಷದಿಂದ ಮಗಳ ಪತ್ರಗಳ ಕೊನೆಯಲ್ಲಿ ಬಾಲಕನ ಕೈಬರಹದ ಒಂದೆರಡು ಕನ್ನಡ ಪದಗಳೂ ಇರುತ್ತಿದ್ದವು. ಉಪಾಧ್ಯಾಯರು ತಪ್ಪುಗಳನ್ನು ತಿದ್ದದೆ ಅವನ್ನು ಹಾಗೆಯೇ ಜೋಪಾನವಾಗಿ ಇರಿಸಿಕೊಂಡಿದ್ದರು.