ಬೆಂಬಲದ ರುಜು

ಹಲಸೂರು

ಪ್ರಿಯ ಗೆಳೆಯಾ,

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪತ್ರಿಕೆಗಳು, ನಟರು, ಕಾರ್ಮಿಕ ಸಂಘಗಳು ‘ನಮ್ಮ ಬೆಂಬಲ ಇಂಥವರಿಗೆ’ ಎಂದು ಸಾರುವುದನ್ನು ಬರೆದು, ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲೂ ಅಂಥದ್ದು ಉಂಟೇ ಎಂದು ಕೇಳಿದ್ದೀಯ. ಉಂಟು ಮಾರಾಯ. ಅದರ ಅತಿ ದೊಡ್ಡ ಪ್ರಸಂಗ ಶುರುವಾದದ್ದೇ ನಮ್ಮ ಬೆಂಗಳೂರಿನಲ್ಲಿ.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಅಭ್ಯರ್ಥಿಯಾಗಿ ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಮರ ಹೆಸರು ಹೇಳಿದರು. ಪಕ್ಷದ ಸಂಸದೀಯ ಮಂಡಳಿಯ ಬಹುಮತ ಮಾತ್ರ ಸಂಜೀವ ರೆಡ್ಡಿಯವರ ಕಡೆಗಿತ್ತು. ಅತ್ತ ಉಪರಾಷ್ಟ್ರಪತಿ ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಅವರು ಇಲ್ಲಿನವರಿಗೆ ಹೊಸಬರೇನಲ್ಲ.

ಮುಂದಿನದನ್ನು ನಿಧಾನವಾಗಿ ಓದು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ರುಜು ಹಾಕಿದವರು ಸ್ವತಃ ಇಂದಿರಾ. ಅಷ್ಟರಲ್ಲಿ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಕಂಡು, ಅವರ ಅಭ್ಯರ್ಥಿ ಸಿ.ಡಿ. ದೇಶಮುಖರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟವರು ಎರಡನೆಯದನ್ನಾದರೂ ರೆಡ್ಡಿಯವರಿಗೆ ಕೊಡಲಿ ಎಂದು ಕೇಳಿದ್ದರು. ಇದನ್ನೇ ಹಿಡಿದು ಇಂದಿರಾ ಬಣ ತಿರುಗಿಬಿತ್ತು. ರೆಡ್ಡಿಯವರಿಗೇ ಮತ ಹಾಕಿ ಎಂದು ವಿಪ್ ಹೊರಡಿಸಲು ಇಂದಿರಾ ಒಪ್ಪಲಿಲ್ಲ; ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಆಗಸ್ಟ್ 16ರಂದು ಮತದಾನ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಸಿಗದೆ, ಎರಡನೇ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ಗಿರಿಗೆ 4,20,077, ರೆಡ್ಡಿಗೆ 4,05,427. ನವೆಂಬರಿನಲ್ಲಿ ಪಕ್ಷವೇ ಒಡೆಯಿತು.

ಆತ್ಮಸಾಕ್ಷಿಯ ಮತ ತಪ್ಪೆಂದು ನಾನು ಹೇಳಲಾರೆ. ಈ ಚುನಾವಣೆ ಗುಪ್ತ ಮತದಾನದ್ದು, ಮತ ಹಾಕುವ ಶಾಸಕ ಪಕ್ಷದ ಆಳಲ್ಲ. ನನ್ನ ಮನಸ್ಸು ಒಪ್ಪದಿರುವುದು ಆ ರುಜುವನ್ನು. ಒಬ್ಬರ ಹೆಸರನ್ನು ಕಾಗದದ ಮೇಲೆ ಸೂಚಿಸಿದ ಮೇಲೆ, ಬೆಂಬಲ ಹಿಂತೆಗೆಯುವ ಮಾತನ್ನೂ ಅಷ್ಟೇ ನೇರವಾಗಿ, ಹೆಸರು ಹಿಡಿದು ಹೇಳಬೇಕಿತ್ತು. ನಿಜಲಿಂಗಪ್ಪನವರೂ ಹಾಗೆಯೇ: ಎದುರು ಪಕ್ಷಗಳ ಬೆಂಬಲ ಬೇಕಿದ್ದರೆ ಮೊದಲು ತಮ್ಮವರ ಎದುರಿಗೇ ಅದನ್ನು ಇಡಬಹುದಿತ್ತು. ಇಬ್ಬರಲ್ಲಿ ಒಬ್ಬರಾದರೂ ಹಾಗೆ ಮಾಡಿದ್ದರೆ ಪಕ್ಷ ಉಳಿಯುತ್ತಿತ್ತೋ ಇಲ್ಲವೋ, ಮತ ಹಾಕಿದವರಿಗಾದರೂ ತಾವು ಏನು ಮಾಡುತ್ತಿದ್ದೇವೆಂಬುದು ತಿಳಿದಿರುತ್ತಿತ್ತು.

ಈಗ ನಾಮಪತ್ರಕ್ಕೆ 50 ಸೂಚಕರು, 50 ಅನುಮೋದಕರು ಬೇಕು. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಹಲಸೂರಿನ ನಮಗೆ ಅದರಲ್ಲಿ ನೇರ ಮತವಿಲ್ಲ, ನಿಜ. ಆದರೆ ಆ 131 ಬಂದದ್ದು 1971ರ ಜನಗಣತಿಯ ತಲೆ ಎಣಿಕೆಯಿಂದ. ಹಲಸೂರು ಕೆರೆಯ ಸುತ್ತಲ ಈ ತಮಿಳು, ತೆಲುಗು, ಉರ್ದು, ಕನ್ನಡದ ಓಣಿಗಳ ಅಂದಿನ ಜನರೂ ಆ ಲೆಕ್ಕದಲ್ಲಿದ್ದಾರೆ. ಮತ ಬೀಳುವ ವಿಧಾನಸೌಧ ಇಲ್ಲಿಂದ ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣ.

ಮುಂದಿನ ರಾಷ್ಟ್ರಪತಿ ಚುನಾವಣೆ 2027ರಲ್ಲಿ ಬರಬೇಕು. ನೀವು ಯಾರ ನಾಮಪತ್ರಕ್ಕೆ ರುಜು ಹಾಕುತ್ತೀರಿ, ಯಾಕೆ ಎಂದು ನಮ್ಮ ಶಾಸಕರನ್ನು ನಾನು ಪತ್ರ ಬರೆದು ಕೇಳುವವನಿದ್ದೇನೆ. ನೀನೂ ನಿನ್ನ ಶಾಸಕರಿಗೆ ಬರೆ. ಬಂದ ಉತ್ತರವನ್ನು ನನಗೆ ಕಳಿಸು.

ನಿನ್ನ ಗೆಳೆಯ