ವಿಹಾರದ ಅಳತೆ

'ವಿಹಾರ' ಎಂಬ ಶಬ್ದ ಶ್ರಾವಕರ ಕಿವಿಗೆ ಬಿದ್ದೊಡನೆ ಮೊದಲು ನೆನಪಾಗುವುದು ಮುನಿಗಳ ಪಾದಯಾತ್ರೆ. ಆ ವಿಹಾರಕ್ಕೆ ಅಳತೆಯಿದೆ. ಹಗಲಿನಲ್ಲಿಯೇ ನಡೆಯಬೇಕು, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು, ಚಾತುರ್ಮಾಸದಲ್ಲಿ ಒಂದೆಡೆ ನೆಲೆನಿಲ್ಲಬೇಕು. ಗೃಹಸ್ಥರು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವುದಕ್ಕೂ ಇಂದು ಅದೇ ಹೆಸರು. ಹೆಸರು ಉಳಿದಿದೆ, ಅಳತೆ ಮಾತ್ರ ಎಲ್ಲಿಯೋ ಬಿಟ್ಟುಹೋಗಿದೆ. ಗೃಹಸ್ಥನು ಮುನಿಯಂತೆ ನಡೆಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಪುಟ್ಟ ಮಕ್ಕಳೊಡನೆ ಹೊರಡುವವರಿಗೆ ಅವರದೇ ಆದ ಅಳತೆಗಳು ಬೇಕು. ಅವುಗಳನ್ನು ಮನೆಯ ಹೊಸ್ತಿಲು ದಾಟುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಮಕ್ಕಳ ಸಂತೋಷಕ್ಕಾಗಿ ಉದ್ಯಾನ ಕಟ್ಟುವುದು ತೀರ ಹೊಸ ವಿಚಾರವೇನೂ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಟಿವೊಲಿ ಉದ್ಯಾನ 1843ರಲ್ಲಿಯೇ ತೆರೆಯಿತು. ಅಮೆರಿಕದ ವಾಲ್ಟ್ ಡಿಸ್ನಿಯವರು, ತಮ್ಮ ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಆಡುತ್ತಿದ್ದಾಗ ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾಗಿತ್ತೆಂದೂ, ಹೆತ್ತವರೂ ಮಕ್ಕಳೂ ಕೂಡಿ ನಲಿಯುವ ಸ್ಥಳವೊಂದು ಬೇಕೆಂದು ಆಗ ಅನಿಸಿತೆಂದೂ ಹೇಳಿಕೊಂಡಿದ್ದರು. ಅವರ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆಯಿತು. ಭಾರತದಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ, ಮುಂಬಯಿಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂದವು. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾ 2005ರಲ್ಲಿ ಆರಂಭವಾದ ಮೇಲೆ, ಅಂಥ ಉದ್ಯಾನ ಕರ್ನಾಟಕದ ಒಳನಾಡಿನ ಮಕ್ಕಳಿಗೂ ಒಂದು ದಿನದ ದಾರಿಯೊಳಗೆ ಬಂದಿತು.

ಡಿಸ್ನಿಲ್ಯಾಂಡಿನ ಮೊದಲ ದಿನದ ಒಂದು ಸಂಗತಿ ವ್ಯಾಪಾರಸ್ಥರಿಗೆ ಮನನಯೋಗ್ಯವಾದುದು. ಅಂದು ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದರೂ ನಕಲಿ ಟಿಕೆಟ್ಟುಗಳನ್ನು ಹಿಡಿದು ಬಂದವರು ಬಹಳ. ಲೆಕ್ಕಕ್ಕೆ ಮೀರಿದ ಜನ, ಬಿಸಿಲಿನ ಝಳ, ಸಾಲದ ಕುಡಿಯುವ ನೀರು, ಇವೆಲ್ಲ ಸೇರಿ ಮಕ್ಕಳ ಹಬ್ಬವಾಗಬೇಕಿದ್ದ ದಿನ ದೊಡ್ಡವರ ಗೋಳಾಯಿತು. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರವು 'ಹೀನಾಧಿಕ ಮಾನೋನ್ಮಾನ' ಮತ್ತು 'ಪ್ರತಿರೂಪಕ ವ್ಯವಹಾರ' ಎಂಬ ಎರಡನ್ನು ಹೆಸರಿಸಿದೆ. ಮೊದಲನೆಯದು ಅಳತೆಯಲ್ಲಿ ಮಾಡುವ ಮೋಸ, ಎರಡನೆಯದು ನಕಲಿಯನ್ನು ಅಸಲಿಯೆಂದು ನಡೆಸುವುದು. ಇವು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದವೆಂದು ತಿಳಿಯುವವರು, ಮಕ್ಕಳೊಡನೆ ಟಿಕೆಟ್ಟಿನ ಕಿಟಕಿಯ ಮುಂದೆ ಒಮ್ಮೆ ನಿಲ್ಲಬೇಕು.

ಹಾಸನದ ಜವಳಿ ವರ್ತಕರೊಬ್ಬರ ಮನೆಯಲ್ಲಿ ಡಿಸೆಂಬರಿನ ಶಾಲಾ ರಜೆಗೆಂದು ನಡೆದ ಸಿದ್ಧತೆಯನ್ನು ಇಲ್ಲಿ ಉದಾಹರಣೆಯಾಗಿ ನೋಡಬಹುದು. ಮನೆಯಲ್ಲಿ ಮೂವರು ಮಕ್ಕಳು. ಹನ್ನೊಂದು ವರ್ಷದ ಹುಡುಗನಿಗೆ ಬಿಡದಿಯ ಉದ್ಯಾನದ ಹಂಬಲ. ಹಿಂದಿನ ತಿಂಗಳಷ್ಟೇ ಐದು ತುಂಬಿದ ಹುಡುಗಿಗೆ ಸಮುದ್ರ ನೋಡುವ ಆಸೆ. ಎರಡು ವರ್ಷದ ಕೂಸಿಗೆ ಅಮ್ಮನ ಸೆರಗಿದ್ದರೆ ಸಾಕು. ಜೊತೆಗೆ, ಸೂರ್ಯಾಸ್ತದ ನಂತರ ಆಹಾರ ಮುಟ್ಟದ ಅಜ್ಜಿ. ಹಾಸನದಿಂದ ಬಿಡದಿ ಪೂರ್ವದ ಕಡೆಗೆ, ಮಂಗಳೂರಿನ ಕಡಲು ಪಶ್ಚಿಮಕ್ಕೆ. ಎರಡೂ 150 ಕಿಲೋಮೀಟರಿಗೆ ಮೇಲ್ಪಟ್ಟ ದಾರಿ. ಮಕ್ಕಳ ತಂದೆ ಹಾಕಿದ ಮೊದಲ ಪಟ್ಟಿಯಲ್ಲಿ ಮೂರು ದಿನಗಳೊಳಗೆ ಬಿಡದಿ, ಮಂಗಳೂರು, ಬರುವ ದಾರಿಯಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಮತ್ತು ವೇಣೂರಿನ ಬಾಹುಬಲಿ ಎಲ್ಲವೂ ಇದ್ದವು. ಒಂದೇ ಖರ್ಚಿನಲ್ಲಿ ಐದು ಕಾರ್ಯ ಎಂಬುದು ಅವರ ಲೆಕ್ಕ.

ಅಜ್ಜಿ ಪಟ್ಟಿಯನ್ನು ಓದಿಸಿಕೇಳಿ, "ಅಲ್ಲಪ್ಪಾ, ಇದರಲ್ಲಿ ಕೂಸು ಮಲಗುವುದು ಯಾವಾಗ?" ಎಂದು ಕೇಳಿದರು. ಆ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಪ್ರವಾಸದ ಮೊದಲ ಅಳತೆ ಇದೇ. ಕುಟುಂಬದಲ್ಲಿ ಅತ್ಯಂತ ಚಿಕ್ಕವರ ಮತ್ತು ಅತ್ಯಂತ ಹಿರಿಯರ ಶಕ್ತಿ ಎಷ್ಟೋ ಅಷ್ಟೇ ಆ ಕುಟುಂಬದ ದಿನದ ದಾರಿ. ಎರಡು ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ರೆ ತಪ್ಪಿದರೆ ಸಂಜೆ ಹಟ, ರಾತ್ರಿ ಅಳು, ಮರುದಿನ ಜ್ವರ ಬಂದರೂ ಆಶ್ಚರ್ಯವಿಲ್ಲ. ಹೆಚ್ಚು ಸ್ಥಳಗಳನ್ನು ಕಂಡೆವೆಂಬ ತೃಪ್ತಿಗಾಗಿ ದಿನವನ್ನು ತುಂಬುವುದೂ ಸಂಗ್ರಹಬುದ್ಧಿಯೇ. ದಿಗ್ವ್ರತ, ದೇಶವ್ರತಗಳೆಂದು ಪೂರ್ವಾಚಾರ್ಯರು ಹೇಳಿದ್ದು ಗೃಹಸ್ಥನು ತಾನು ಹೋಗುವ ದಿಕ್ಕಿಗೂ ದೂರಕ್ಕೂ ತಾನೇ ಎಲ್ಲೆ ಹಾಕಿಕೊಳ್ಳುವುದನ್ನು. ಮಕ್ಕಳಿರುವ ಮನೆಗೆ ಆ ಎಲ್ಲೆಯ ಬೆಲೆ ಬೇಗ ತಿಳಿಯುತ್ತದೆ.

ಆ ಮನೆಯಲ್ಲಿ ಪಟ್ಟಿಯನ್ನು ಹೊಸದಾಗಿ ಬರೆದವರು ಸೊಸೆ. ಮೊದಲ ದಿನ ಬಿಡದಿಯ ಕಡೆ ಪ್ರಯಾಣ, ಹತ್ತಿರದಲ್ಲಿಯೇ ತಂಗುವುದು, ಎರಡನೆಯ ದಿನ ಉದ್ಯಾನ, ಮೂರನೆಯ ದಿನ ಮನೆಗೆ ಮರಳಿ ಎರಡು ರಾತ್ರಿ ವಿಶ್ರಾಂತಿ, ಆಮೇಲೆ ಕಡಲಿಗೆ. ಹಾಸನ ನಡುವೆ ಇರುವುದನ್ನೇ ಅವರು ಅನುಕೂಲವಾಗಿ ಮಾಡಿಕೊಂಡರು. ಮೂರು ಕ್ಷೇತ್ರಗಳ ದರ್ಶನವನ್ನು ಬೇರೆಯೇ ಯಾತ್ರೆಗೆ ಉಳಿಸಿದರು. 1430ರ ಬಸದಿಯನ್ನೂ, 1432 ಮತ್ತು 1604ರಲ್ಲಿ ಪ್ರತಿಷ್ಠಾಪನೆಗೊಂಡ ಬಾಹುಬಲಿ ಮೂರ್ತಿಗಳನ್ನೂ ನಿದ್ದೆಗಣ್ಣಿನ ಮಕ್ಕಳಿಗೆ ಒಂದೇ ಮಧ್ಯಾಹ್ನದಲ್ಲಿ ತೋರಿಸಿ ಮುಗಿಸುವುದು ಕ್ಷೇತ್ರಗಳಿಗೆ ತಕ್ಕ ಗೌರವವಲ್ಲವೆಂದು ಅಜ್ಜಿಗೂ ಒಪ್ಪಿಗೆಯಾಯಿತು.

ಎರಡನೆಯ ಅಳತೆ ಸತ್ಯದ್ದು. ಉದ್ಯಾನದಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಕೂಸಿಗೆ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ, ಅದಕ್ಕಿಂತ ಎತ್ತರವಾದರೆ ದೊಡ್ಡವರ ದರ ಎಂದು ನಿಯಮ. ಮನೆಯ ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿ ಅಳೆದಾಗ ಹುಡುಗ 142 ಇದ್ದ. "ಸ್ವಲ್ಪ ಮಂಡಿ ಬಾಗಿಸಿ ನಿಂತರೆ ಆಯಿತು" ಎಂದು ತಂದೆ ನಗುತ್ತ ಹೇಳಿದರು. ನಗೆಯಲ್ಲಿ ಹೇಳಿದ ಮಾತಾದರೂ ಹುಡುಗ ಅದನ್ನು ನಿಜವೆಂದೇ ಹಿಡಿದು, ಗೋಡೆಗೊರಗಿ ಬಾಗುವ ಅಭ್ಯಾಸ ಆರಂಭಿಸಿದ.

ಆಗ ಸೊಸೆ ಕೇಳಿದ ಪ್ರಶ್ನೆ ಸರಳವಾಗಿತ್ತು. ಎತ್ತರದ ದೊಡ್ಡ ಯಂತ್ರಗಳ ಆಟಕ್ಕೂ ಕನಿಷ್ಠ ಎತ್ತರದ ನಿಯಮವಿದೆ. ಟಿಕೆಟ್ಟಿನ ಕಿಟಕಿಯಲ್ಲಿ ಕುಗ್ಗಿದ ಹುಡುಗ ಯಂತ್ರದ ಬಳಿ ಹಿಗ್ಗಬೇಕೇ? ಈ ನಿಯಮ ಹಣಕ್ಕಾಗಿ ಮಾಡಿದ್ದಲ್ಲ. ಹೆಗಲ ಮೇಲಿಂದ ಇಳಿದು ದೇಹವನ್ನು ಬಿಗಿಹಿಡಿಯುವ ಪಟ್ಟಿ ಇಂತಿಷ್ಟು ಗಾತ್ರದ ದೇಹಕ್ಕೆಂದೇ ಮಾಡಿದ್ದು; ಅದಕ್ಕಿಂತ ಚಿಕ್ಕ ದೇಹವನ್ನು ಅದು ಸರಿಯಾಗಿ ಹಿಡಿಯಲಾರದು. ಇಂದು ಕಿಟಕಿಯಲ್ಲಿ ಬಾಗಲು ಕಲಿತವನ ತಂಗಿ ನಾಳೆ ಯಂತ್ರದ ಬಳಿ ತುದಿಗಾಲಿನಲ್ಲಿ ನಿಲ್ಲಲು ಕಲಿಯುತ್ತಾಳೆ. ಅಳತೆಗೋಲಿನ ಮುಂದೆ ಹೇಳಿದ ಸುಳ್ಳು ಒಮ್ಮೆ ಹಣವನ್ನು ಉಳಿಸಬಹುದು, ಇನ್ನೊಮ್ಮೆ ಪ್ರಾಣವನ್ನು ಕೇಳಬಹುದು.

ರೈಲಿನಲ್ಲಿ ಅಳತೆ ಬೇರೆ, ಪರೀಕ್ಷೆ ಅದೇ. ಐದು ತುಂಬದ ಮಗುವಿಗೆ ಪ್ರತ್ಯೇಕ ಆಸನ ಕೇಳದಿದ್ದರೆ ಟಿಕೆಟ್ಟು ಬೇಕಿಲ್ಲ. ತುಂಬಿದ ಮೇಲೆ ಬೇಕು. ಹುಡುಗಿಗೆ ಐದು ತುಂಬಿ ಒಂದು ತಿಂಗಳಾಗಿತ್ತು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವಳು ಬೆರಳು ಬಿಡಿಸಿ "ನನಗೆ ಈಗ ಐದು" ಎಂದು ತೋರಿಸುತ್ತಿದ್ದಳು. "ಒಂದು ತಿಂಗಳಿಗೆಲ್ಲ ಯಾರು ಕೇಳುತ್ತಾರೆ, ನಾಲ್ಕೆಂದು ಹೇಳಿದರಾಯಿತು" ಎಂಬ ಸಲಹೆ ನೆಂಟರೊಬ್ಬರಿಂದ ಬಂತು. ಅಜ್ಜಿ ಕೋಪಿಸಿಕೊಳ್ಳಲಿಲ್ಲ. "ಹೋದ ತಿಂಗಳು ಐದು ದೀಪ ಹಚ್ಚಿ ಆರತಿ ಎತ್ತಿದೆವಲ್ಲ, ರೈಲಿನಲ್ಲಿ ಒಂದು ದೀಪ ಆರಿಸುವುದೇ?" ಎಂದಷ್ಟೇ ಹೇಳಿದರು. ಹುಡುಗಿಗೂ ಟಿಕೆಟ್ಟು ತೆಗೆದರು. ಆ ಸಂಜೆ ತಂದೆ ಮಗನನ್ನು ಕರೆದು, ಕಿಟಕಿಯ ಮುಂದೆ ನೆಟ್ಟಗೆ ನಿಲ್ಲಬೇಕೆಂದು ಹೇಳಿದರು.

ಇಲ್ಲಿ ಉಳಿಯುತ್ತಿದ್ದ ಹಣ ವರ್ತಕರಿಗೆ ದೊಡ್ಡದಲ್ಲ. ದೊಡ್ಡದಲ್ಲವೆಂಬ ಕಾರಣದಿಂದಲೇ ಇಂಥ ಸುಳ್ಳು ಸಲೀಸಾಗಿ ಬರುತ್ತದೆ. ಆದರೆ ಮಗುವಿನ ಪಾಲಿಗೆ ಅದು ಚಿಕ್ಕದಲ್ಲ. ಪಾಠಶಾಲೆಯಲ್ಲಿ ಸತ್ಯಾಣುವ್ರತವೆಂದು ಬಾಯಿಪಾಠ ಮಾಡಿದ್ದಕ್ಕೆ ಎಷ್ಟು ಬೆಲೆಯೆಂಬುದನ್ನು ಅದು ಟಿಕೆಟ್ಟಿನ ಕಿಟಕಿಯಲ್ಲಿ ತಂದೆಯ ಮುಖ ನೋಡಿ ತಿಳಿದುಕೊಳ್ಳುತ್ತದೆ.

ಮೂರನೆಯ ಅಳತೆ ಹಣದ್ದು. ಉದ್ಯಾನದ ಟಿಕೆಟ್ಟು ದಿನವಿಡೀ ನಡೆಯುತ್ತದೆ. ಕೊಟ್ಟ ಹಣ ದಕ್ಕಬೇಕೆಂದು, ದಣಿದು ಅಳುವ ಮಕ್ಕಳನ್ನು ಮುಚ್ಚುವ ಹೊತ್ತಿನವರೆಗೂ ಎಳೆದಾಡುವ ಹೆತ್ತವರು ಎಲ್ಲ ಉದ್ಯಾನಗಳಲ್ಲಿಯೂ ಕಾಣಸಿಗುತ್ತಾರೆ. ಲೆಕ್ಕಶಾಸ್ತ್ರ ಬಲ್ಲವರಿಗೆ ಇದು ತಿಳಿದ ವಿಷಯ: ಆಗಿಹೋದ ಖರ್ಚು ಮುಂದಿನ ನಿರ್ಧಾರವನ್ನು ಆಳಕೂಡದು. ಟಿಕೆಟ್ಟು ಕೊಂಡ ಕ್ಷಣದಲ್ಲಿಯೇ ಆ ಹಣ ಖಾತೆಯಿಂದ ಹೋಯಿತು. ಮಗುವಿನ ಅಳು ಅದನ್ನು ಹಿಂದಕ್ಕೆ ತರುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಸಾಲು ಕಡಿಮೆ ಇರುವಾಗ ಹುಡುಗನ ದೊಡ್ಡ ಆಟಗಳನ್ನು ಮುಗಿಸಿ, ಬಿಸಿಲೇರಿದ ಮೇಲೆ ಚಿಕ್ಕವರೊಡನೆ ನೀರಿಗಿಳಿದು, ನಗುವಿರುವಾಗಲೇ ಹೊರಬರುವುದು ಜಾಣತನ. ಹೊರಗಿನ ತಿಂಡಿಯನ್ನು ಅನೇಕ ಉದ್ಯಾನಗಳು ಒಳಗೆ ಬಿಡುವುದಿಲ್ಲ. ಕೂಸಿನ ಆಹಾರಕ್ಕೆ ಅನುಮತಿಯಿದೆಯೇ, ಒಳಗೆ ಏನು ಸಿಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಬೇಕು. ಚೀಲದಡಿಯಲ್ಲಿ ಚಕ್ಕುಲಿ ಬಚ್ಚಿಟ್ಟು ಒಯ್ಯುವುದೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಕಡಲಿನ ಪ್ರಯಾಣಕ್ಕೆ ಅವರು ಹಗಲು ಹೊತ್ತಿನ ರೈಲನ್ನೇ ಆರಿಸಿದರು. ಶಿರಾಡಿಯ ತಿರುವುಗಳಲ್ಲಿ ಕಾರಿನೊಳಗೆ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ರೈಲು ಹಿತ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಅವುಗಳನ್ನು ಎಣಿಸುವುದೇ ಹುಡುಗಿಯ ಕೆಲಸವಾಯಿತು.

ಕಡಲಿನಲ್ಲಿ ಸಮಯದ ಅಳತೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಸಮುದ್ರ ಮಕ್ಕಳಿಗೆ ಸಲ್ಲದು. ಚಾತುರ್ಮಾಸದ ಆರಂಭದ ಹೊತ್ತಿಗೆ ಯಾಂತ್ರಿಕ ದೋಣಿಗಳೂ ದಡದಲ್ಲಿಯೇ ಇರುತ್ತವೆ. ಡಿಸೆಂಬರಿನಲ್ಲಿ ಸಮುದ್ರ ಶಾಂತ. ಆದರೆ ಎಲ್ಲರೂ ಸಂಜೆಯೇ ಹೋಗಬಯಸುತ್ತಾರೆ, ಮಂಗಳೂರಿನಲ್ಲಿ ಆ ತಿಂಗಳ ಕೊನೆಗೆ ಸೂರ್ಯ ಮುಳುಗುವುದು ಆರೂಕಾಲರ ಆಸುಪಾಸಿನಲ್ಲಿ. ನೀರಾಟವೂ ಸೂರ್ಯಾಸ್ತಕ್ಕೆ ಮೊದಲಿನ ಊಟವೂ ಒಂದೇ ಹೊತ್ತಿನಲ್ಲಿ ಆಗಲಾರವು. ಇದಕ್ಕೆ ಪರಿಹಾರ ಕರಾವಳಿಯ ದಿಕ್ಕಿನಲ್ಲಿಯೇ ಇದೆ. ಅಲ್ಲಿ ಕಡಲು ಪಶ್ಚಿಮಕ್ಕಿದ್ದು, ಬೆಳಗಿನ ಸೂರ್ಯ ಬೆನ್ನ ಹಿಂದಿನಿಂದ ಏಳುತ್ತಾನೆ. ಮರಗಳ ನೆರಳು ಮರಳಿನ ಕಡೆಗೇ ಬೀಳುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ನೀರು. ಸಂಜೆ ಐದಕ್ಕೆ ಊಟ ಮುಗಿಸಿ ಬರೀ ಮರಳು ಮತ್ತು ಸೂರ್ಯಾಸ್ತ. ಅಜ್ಜಿಯ ನಿಯಮಕ್ಕಾಗಿ ಮಾಡಿದ ಈ ಏರ್ಪಾಡಿನಲ್ಲಿ ಹೆಚ್ಚು ಸುಖಪಟ್ಟವರು ಮಕ್ಕಳೇ.

ನೀರಿನ ಆಳಕ್ಕೂ ಅಳತೆ ಗೊತ್ತುಮಾಡಿದರು. ಕೂಸಿಗೆ ಪಾದ ಮುಳುಗುವಷ್ಟು, ಅದೂ ಕೈ ಹಿಡಿದೇ, ಹುಡುಗಿಗೆ ಮೊಣಕಾಲು, ಹುಡುಗನಿಗೆ ಸೊಂಟ, ತಂದೆ ಪಕ್ಕದಲ್ಲಿದ್ದಾಗ ಮಾತ್ರ. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ಹಿರಿಯರು, ಅವರ ಕೈಯಲ್ಲಿ ಫೋನ್ ಇರಕೂಡದು. ಮುಳುಗುವ ಮಗು ಕೂಗಿ ಕರೆಯುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಮುರಿದು ಬೀಳುವ ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಯಿದ್ದರೆ, ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸವಾಗಿ ಹಿಂದಕ್ಕೆ ಹರಿಯುತ್ತಿರಬಹುದು. ಅದರಲ್ಲಿ ಸಿಕ್ಕಿದವರು ದಡದತ್ತ ನೇರ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಜೀವರಕ್ಷಕರಿರುವ ಕಡೆಯಲ್ಲಿಯೇ ಇಳಿದು, ಅವರು ಬೇಡವೆಂದರೆ ಹಿಂದಿರುಗಬೇಕು.

ಹುಡುಗಿ ಮರಳಿನಲ್ಲಿ ಚಿಪ್ಪುಗಳನ್ನು ಆರಿಸಿ ಡಬ್ಬಿ ತುಂಬಿಸಿದಳು. ಅವುಗಳಲ್ಲೊಂದು ಕಾಲು ಚಾಚಿ ನಡೆಯತೊಡಗಿತು. ಸನ್ಯಾಸಿ ಏಡಿಯೆಂದು ಕರೆಯುವ ಈ ಜೀವಿಯ ಹಿಂಬದಿ ಮೆತ್ತಗಿದ್ದು, ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಅದಕ್ಕೆ ಆಸರೆ. ಬೆಳೆದಂತೆಲ್ಲ ದೊಡ್ಡ ಚಿಪ್ಪನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಖಾಲಿ ಚಿಪ್ಪೂ ಇನ್ನೊಬ್ಬರ ನಾಳೆಯ ಮನೆ. ಅಜ್ಜಿ ಇಷ್ಟನ್ನು ತಿಳಿಸಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ತಾನಾಗಿಯೇ ಡಬ್ಬಿಯನ್ನು ನೀರಂಚಿನಲ್ಲಿ ಬೋರಲು ಹಾಕಿದಳು. ಅಹಿಂಸೆಯೂ ಅಪರಿಗ್ರಹವೂ ಅಲ್ಲಿ ಒಂದೇ ಪಾಠವಾದವು.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಯಾತ್ರಿನಿವಾಸಗಳಲ್ಲಿ ಸಂಜೆ ಐದರ ಊಟ, ಮುಂಜಾನೆ ಬಿಸಿನೀರು, ಕೂಸಿಗೆ ಹಾಲು ಕಾಯಿಸಿಕೊಳ್ಳಲು ಒಂದು ಒಲೆ ಇದ್ದರೆ, ಚಿಕ್ಕ ಮಕ್ಕಳ ಕುಟುಂಬಗಳು ನಿಯಮ ಬಿಡದೆ ಪ್ರವಾಸ ಮಾಡಬಲ್ಲವು. ನಿಯಮ ಕಷ್ಟವೆಂದು ದೂರುವುದಕ್ಕಿಂತ ಅದು ಸುಲಭವಾಗುವಂತೆ ವ್ಯವಸ್ಥೆ ಮಾಡುವುದು ಲೇಸು.

ಮಕ್ಕಳಿಗೆ ಆಟ ಬೇಕು, ಕಡಲು ಬೇಕು. ಅದನ್ನು ಬೇಡವೆನ್ನುವುದು ಧರ್ಮವಲ್ಲ. ಎಷ್ಟು ದೂರ, ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಹಿರಿಯರು ಮೊದಲೇ ಗೊತ್ತುಮಾಡಿ, ಎಷ್ಟು ಎತ್ತರ, ಎಷ್ಟು ವಯಸ್ಸು ಎಂದು ಕೇಳಿದವರಿಗೆ ಇದ್ದುದನ್ನು ಇದ್ದಂತೆ ಹೇಳಿದರೆ, ಆ ವಿಹಾರಕ್ಕೆ ತಕ್ಕ ಅಳತೆ ದೊರೆಯಿತೆಂದೇ ಅರ್ಥ. ಮಕ್ಕಳು ಆಟಗಳ ಹೆಸರನ್ನು ಮರೆಯಬಹುದು. ಅಳತೆಗೋಲಿನ ಮುಂದೆ ನೆಟ್ಟಗೆ ನಿಲ್ಲಿಸಿದವರನ್ನು ಮರೆಯುವುದಿಲ್ಲ.